ಕಬ್ಬಿಣ ಅದ್ದಿದ ಹಾಲು

ಹೋದ ವಾರ ಲಿಂಗಸುಗೂರು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಹಾಲು ಉಕ್ಕಿ ಕಾದ ಕಬ್ಬಿಣದ ಒಲೆಯ ಮೇಲೆ ಚೆಲ್ಲಿತು. ಆ ಕಮಟು ವಾಸನೆಗೆ ಮಸ್ಕಿಯ ಖಾಲಾ ನೆನಪಾದಳು... ಎಂಬತ್ತರ ದಶಕದ ಕೊನೆಗೆ ನಾನು ಅಲ್ಲಿಯ ಶಾಲೆಗೆ ಹೊಸದಾಗಿ ಶಿಕ್ಷಕಿಯಾಗಿ ಬಂದಾಗ ಪಕ್ಕದ ಮನೆಯಲ್ಲಿದ್ದ ಬಳೆಗಾರ್ತಿ. ಓಣಿಯೆಲ್ಲ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಅಂದೆ.

ಅವಳ ಒಬ್ಬಳೇ ಮಗಳಿಗೆ ಥಲಸ್ಸೇಮಿಯಾ. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ, ಹುಟ್ಟಿನಿಂದಲೇ ಬಂದ ಕಾಯಿಲೆ. ಆಗಾಗ ರಾಯಚೂರಿಗೆ ಹೋಗಿ ರಕ್ತ ಹಾಕಿಸಬೇಕು. ಹುಡುಗಿ ಬಿಳಿಚಿಕೊಂಡರೆ ಓಣಿಯವರೆಲ್ಲ ವೈದ್ಯರೇ. ರಕ್ತ ಕಡಿಮೆಯಾದರೆ ಕಬ್ಬಿಣ ಕೊಡಬೇಕೆಂಬುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಖಾಲಾ ದಿನಾ ಸಂಜೆ ಕಮ್ಮಾರನ ಕುಲುಮೆಗೆ ಹಾಲಿನ ಚೊಂಬು ಒಯ್ಯುತ್ತಿದ್ದಳು. ಅವನು ಕೆಂಪಗೆ ಕಾದ ಸಲಾಕೆಯನ್ನು ಅದರಲ್ಲಿ ಚುಂಯ್ ಎಂದು ಅದ್ದಿ ಕೊಡುತ್ತಿದ್ದ. ಮಗಳು ಮೂಗು ಹಿಡಿದುಕೊಂಡು ಕುಡಿಯುತ್ತಿದ್ದಳು. ಬಳೆ ಮಾರುವಾಗ ಖಾಲಾ ಚೌಕಾಸಿಗೆ ಒಪ್ಪಿಯಾಳು, ಹಾಲಿನ ವಿಷಯದಲ್ಲಿ ಇಲ್ಲ. ಚೊಂಬಿನ ತಳ ಕಾಣಲೇಬೇಕು.

ಮಗಳು ಮೈನೆರೆಯುವ ವಯಸ್ಸಿಗೆ ಬಂದಳು, ಆದರೆ ಬೆಳೆಯಲಿಲ್ಲ. ಏದುಸಿರು ಶುರುವಾಯಿತು, ಪಾದ ಊದಿದವು. ಹೈದರಾಬಾದಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಎದೆಗೆ ತಣ್ಣನೆಯ ಲೇಪ ಹಚ್ಚಿ ಎಕೋ ಮಾಡಿದರು. ಪುಟ್ಟ ಪರದೆಯಲ್ಲಿ ಅವಳ ಹೃದಯ ದಣಿದು ಮಿಸುಕುತ್ತಿತ್ತು. ಅದರೊಳಗೆ ಕಬ್ಬಿಣ ಸೇರಿದೆ, ಅದಕ್ಕೇ ಸೋತಿದೆ ಎಂದರು ಡಾಕ್ಟರು.

"ಎಲ್ಲಿ ಕುಂತದ, ತೋರಸ್ರಿ," ಎಂದಳು ಖಾಲಾ.

ಇದರಲ್ಲಿ ಕಬ್ಬಿಣ ಕಾಣುವುದಿಲ್ಲ, ಅದು ಮಾಡಿದ ಹಾನಿ ಮಾತ್ರ ಕಾಣುತ್ತದೆ ಎಂದರು. ಆಗಿನ ಕಾಲಕ್ಕೆ ಅಷ್ಟೇ. ವರ್ಷಗಟ್ಟಲೆ ಹಾಕಿದ ರಕ್ತದಿಂದ ಬಂದ ಕಬ್ಬಿಣ ಅದು, ನಿಮ್ಮ ಹಾಲಿನದು ಲೆಕ್ಕಕ್ಕೇ ಇಲ್ಲ ಎಂದೂ ಬಿಡಿಸಿ ಹೇಳಿದರು. ಖಾಲಾ ತಲೆಯಾಡಿಸಿದಳು. ಬರುವಾಗ ಬಸ್ಸು ಸಿಂಧನೂರು ದಾಟಿದ ಮೇಲೆ, ಮಗಳು ನಿದ್ದೆ ಹೋದದ್ದನ್ನು ನೋಡಿ, ನನ್ನ ಕಡೆ ತಿರುಗಿದಳು.

"ಅವರು ರಕ್ತ ಹಾಕಿ ಉಳಿಸ್ಯಾರ ಟೀಚರಮ್ಮ. ಕಬ್ಬಿಣ ಕುಡಿಸಿದಾಕಿ ನಾನು."

ಮನೆಗೆ ಬಂದವಳೇ ರೊಟ್ಟಿಯ ಕಬ್ಬಿಣದ ಹಂಚನ್ನು ಕುಲುಮೆಗೆ ಎಸೆದು ಬಂದಳು. ಮಣ್ಣಿನ ಹಂಚಿನಲ್ಲಿ ಬೇಯಿಸತೊಡಗಿದಳು. ಹುಡುಗಿ ಮುಂದಿನ ರಂಜಾನ್ ನೋಡಲಿಲ್ಲ. ಆಮೇಲೂ ಆ ಮನೆಗೆ ಕಬ್ಬಿಣದ ಹಂಚು ಬರಲಿಲ್ಲ... ಯಾರಾದರೂ ಕೇಳಿದರೆ, "ಮಣ್ಣಿಂದು ರುಚಿ ಇರ್ತದ ಬಿಡ್ರಿ," ಎನ್ನುತ್ತಿದ್ದಳು.

ಈಗ ಎಂ.ಆರ್.ಐ. ಬಂದಿದೆ. ಹೃದಯ ಸೋಲುವ ಮೊದಲೇ ಅದರೊಳಗೆ ಎಷ್ಟು ಕಬ್ಬಿಣವಿದೆ ಎಂದು ಹೇಳುತ್ತದೆ, ಇಳಿಸಲು ಗುಳಿಗೆಗಳೂ ಇವೆ. ಅಂಥ ಮಕ್ಕಳು ದೊಡ್ಡವರಾಗಿ ಮದುವೆಯೂ ಆಗುತ್ತಾರೆ. ಅದನ್ನು ಕೇಳಿದಾಗ ನನಗೆ ಸಂತೋಷವಾಗುತ್ತದೆ, ಹಿಂದೆಯೇ ಸಂಕಟವೂ ಆಗುತ್ತದೆ. ಖಾಲಾ ಹೋಗಿ ಬಹಳ ವರ್ಷವಾಯಿತು. ಎಷ್ಟು ಎಂಬುದನ್ನು ಹೇಳುವ ಆ ಯಂತ್ರವೂ, ಯಾರು ಕೊಟ್ಟದ್ದು ಎಂಬ ಅವಳ ಸಂಶಯವನ್ನು ಕಳೆಯುತ್ತಿರಲಿಲ್ಲ.

"ಹಾಲು ಹೊತ್ಯಾವ್ರೀ ಅಮ್ಮ, ಬ್ಯಾರೆ ಚಾ ಮಾಡಿ ಕೊಡ್ತೀನಿ," ಎಂದ ಅಂಗಡಿಯವನು.

ಬೇಡ ಎಂದೆ. ಕೈಯಲ್ಲಿದ್ದ ಆ ಚಹಾವನ್ನೇ ತಳ ಕಾಣುವವರೆಗೆ ಕುಡಿದೆ.