ಪಕ್ಕದ ಮನೆಯ ಅಕ್ಕ ಮತ್ತು ಹೊಳೆಯದ ಕೋಶಗಳು

ಮೊನ್ನೆ ಬೆಳಿಗ್ಗೆ ಲ್ಯಾಬಿಗೆ ಕಾಲಿಟ್ಟಾಗ ಯಾರೋ ಅಗರ್ ಕುದಿಸುತ್ತಿದ್ದರು. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಸುರಿಯುವ ಗಂಜಿ ಅದು. ತಳ ಹಿಡಿದ ಸಾರಿನಂಥ ವಾಸನೆ. ದಿನವೂ ಮೂಗಿಗೆ ಬಡಿಯುವುದೇ. ಅಂದು ಮಾತ್ರ ಯಾಕೋ ಭದ್ರಾವತಿಯ ಬಸ್ಸು ನೆನಪಾಯಿತು... ನಿನ್ನ ಬಟ್ಟೆಯೆಲ್ಲ ಅಡುಗೆಮನೆ ವಾಸನೆ ಎಂದು ಪಕ್ಕದ ಸೀಟಿನಲ್ಲಿ ನಗುತ್ತಿದ್ದ ಅಕ್ಕ ನೆನಪಾದರು.

ಆಗ ನಮ್ಮದು ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸು. ಅಪ್ಪ ಅಲ್ಲೇ ಫಿಟ್ಟರ್. ಪಕ್ಕದ ಮನೆಯವರು ತಮಿಳಿನವರು. ಒಳಗೆ ತಮಿಳು, ಹೊಸಿಲು ದಾಟಿದರೆ ನಮ್ಮಷ್ಟೇ ಕನ್ನಡ. ಆ ಮನೆಯ ಅಕ್ಕ ಶಿವಮೊಗ್ಗದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ನಾನು ಅದೇ ಊರಿನ ನವುಲೆಯ ಕಡೆ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೆ. ಇಬ್ಬರಿಗೂ ಒಂದೇ ಬಸ್ಸು. ಅಕ್ಕ ಪಿಎಚ್‌ಡಿಗೂ ಸೇರಿದ್ದರು. ಕಂಪ್ಯೂಟರುಗಳು ಒಂದರೊಡನೊಂದು ಮಾತಾಡುವ ಬಗೆಯನ್ನು ಬರೆಯಲು ಹುಟ್ಟಿದ ಪ್ರೋಸೆಸ್ ಕ್ಯಾಲ್ಕುಲಸ್ ಎಂಬ ಲೆಕ್ಕವನ್ನು ಜೀವಕೋಶಕ್ಕೆ ಹೊಂದಿಸುವುದು ಅವರ ವಿಷಯ. ಆದರೆ ನಿಜವಾದ ಕೋಶದ ಒಂದು ಉದಾಹರಣೆಯೂ ಅವರ ಕೈಯಲ್ಲಿರಲಿಲ್ಲ. ಇದರಿಂದ ಯಾರಿಗೇನು ಉಪಯೋಗ ಎಂದು ಕೇಳುವವರೇ ಹೆಚ್ಚು. ಬಿಟ್ಟುಬಿಡೋಣ ಅನ್ನಿಸುತ್ತದೆ ಎಂದು ಆಗಾಗ ಹೇಳುತ್ತಿದ್ದರು.

ನನ್ನ ಕಷ್ಟ ಬೇರೆಯದು. ನನ್ನ ಬ್ಯಾಕ್ಟೀರಿಯಾಗಳಿಗೆ ಬೆಳಕು ಕೊಡುವ ಜೀನ್ ಒಂದನ್ನು ಸೇರಿಸಿದ್ದೆವು. ಎಲ್ಲವೂ ಹಸಿರಾಗಿ ಹೊಳೆಯಬೇಕಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಲವು ಹೊಳೆಯುತ್ತಿದ್ದವು, ಕೆಲವು ಕಪ್ಪಗೇ ಇರುತ್ತಿದ್ದವು. ಒಂದೇ ತಟ್ಟೆ, ಒಂದೇ ಆಹಾರ, ಒಂದೇ ತಾಯಿಯ ಸಂತಾನ. ಬೇರೆ ಯಾವುದೋ ಬೆರೆತಿದೆ, ನಿನ್ನ ಕೈ ಚೊಕ್ಕವಿಲ್ಲ ಎಂದರು ಗೈಡ್. ಮತ್ತೆ ಮಾಡಿದೆ. ಮತ್ತೆ ಹಾಗೇ. ಈ ತಿಂಗಳೊಳಗೆ ಸರಿಹೋಗದಿದ್ದರೆ ಬೇರೆ ವಿಷಯ ಹಿಡಿದು ಮೊದಲಿನಿಂದ ಶುರುಮಾಡು ಎಂದುಬಿಟ್ಟರು. ಇನ್ನೊಂದು ವರ್ಷ ಓದಿಸಿ ಎಂದು ಅಪ್ಪನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕಾರ್ಖಾನೆ ನಿಲ್ಲುತ್ತದೆಂಬ ಮಾತು ಆಗಲೇ ಹಬ್ಬಿತ್ತು.

ಅಂದು ಸಂಜೆ ಬಸ್ಸಿನಲ್ಲಿ ಅಕ್ಕನಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಆ ಜೀನನ್ನು ಎಬ್ಬಿಸುವ ಪ್ರೋಟೀನು ಒಂದು ಕೋಶದಲ್ಲಿ ಎಷ್ಟಿರುತ್ತದೆ ಎಂದು ಕೇಳಿದರು. ಬೆರಳೆಣಿಕೆಯಷ್ಟು ಎಂದೆ.

"ಅಷ್ಟು ಕಮ್ಮೀನಾ? ಹಂಗಾದ್ರೆ ಎಲ್ಲಾ ಒಂದೇ ಥರ ಆಗ್ಬೇಕು ಅಂತ ಯಾರು ಹೇಳಿದ್ದು ಮಾರಾಯ್ತಿ? ಭಾನುವಾರ ಮನೆಗೆ ಬಾ."

ಹೋದೆ. ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿಗಳನ್ನು ತುಂಬಿಟ್ಟಿದ್ದರು. ನಾನು ಜೀನ್. ಅಕ್ಕಿ ಆರಿಸುತ್ತಿದ್ದ ಅವರಮ್ಮ ಪ್ರೋಟೀನ್. ‘ಅಂಟಿಕೊ’ ಎಂಬ ಚೀಟಿ ಬಂದರೆ ಅಮ್ಮ ನನ್ನ ಕೈ ಹಿಡಿಯಬೇಕು, ‘ಬಿಡು’ ಎಂದು ಬಂದರೆ ಬಿಡಬೇಕು. ಹಿಡಿದಿರುವಾಗ ‘ಬೆಳಕು’ ಬಂದರೆ ನಾನು ತಟ್ಟೆಗೊಂದು ಬಟಾಣಿ ಹಾಕಬೇಕು. ಹೆಚ್ಚು ಸಲ ನಡೆಯುವ ಕೆಲಸಕ್ಕೆ ಹೆಚ್ಚು ಚೀಟಿ. ಮೊದಲ ಆಟದಲ್ಲಿ ತಟ್ಟೆ ತುಂಬಿತು. ಅದೇ ಚೀಟಿಗಳಿಂದ ಮತ್ತೆ ಆಡಿದಾಗ ಅಮ್ಮನ ಕೈ ನನಗೆ ತಾಗಿದ್ದೇ ಅಪರೂಪ, ತಟ್ಟೆ ಖಾಲಿ.

"ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಅಮ್ಮ ಕೇಳಿದರು.

"ಏನೂ ತಪ್ಪು ಮಾಡಿಲ್ಲಮ್ಮ. ಇದು ಹಿಂಗೂ ಆಗುತ್ತೆ," ಎಂದರು ಅಕ್ಕ.

ಆ ಮಾತು ಅಮ್ಮನಿಗೆ ಹೇಳಿದ್ದೋ, ನನಗೋ... ನನ್ನ ಕಣ್ಣು ತುಂಬಿತ್ತು.

ಆಮೇಲೆ ಕಂಪ್ಯೂಟರ್ ತೆರೆದರು. ಪ್ರತಿ ಅಣುವೂ ಅಲ್ಲಿ ಒಂದು ಪುಟ್ಟ ಪ್ರೋಗ್ರಾಂ. ಯಾರೊಡನೆ ಕೂಡಬಹುದು, ಕೂಡಿದರೆ ಏನಾಗುತ್ತದೆ, ಅದಕ್ಕೆ ಎಷ್ಟು ಆತುರ, ಇಷ್ಟನ್ನು ಬರೆದರೆ ಸಾಕು. ಚೀಟಿ ಎತ್ತುವ ಕೆಲಸ ಯಂತ್ರದ್ದು. ಪರದೆಯ ಮೇಲೆ ಕೆಲವು ಕೋಶಗಳು ಬೆಳಗಿದವು, ಕೆಲವು ಬೆಳಗಲಿಲ್ಲ. ನಾಳೆಯೇ ಗೈಡಿಗೆ ತೋರಿಸುತ್ತೇನೆಂದು ನಾನು ಎದ್ದೇಬಿಟ್ಟೆ. ಅಕ್ಕ ತಡೆದರು.

"ನಿನ್ನ ಕೈ ಚೊಕ್ಕ ಅಂತ ಇದು ಹೇಳಲ್ಲ ಕಣೆ. ಚೊಕ್ಕ ಕೈಯಲ್ಲೂ ಹಿಂಗಾಗ್ಬೋದು ಅನ್ನುತ್ತೆ, ಅಷ್ಟೆ. ಹೊಳೀದೆ ಇರೋ ಒಂದೇ ಒಂದು ಕೋಶ ತೆಗೆದು ಬೆಳೆಸಿ ನೋಡು."

ಅದು ಹೊರಗಿನದಾಗಿದ್ದರೆ ಅದರ ಸಂತಾನವೆಲ್ಲ ಕಪ್ಪಗೇ ಇರಬೇಕು. ಬೇರೆ ಮಾಡಿ ಬೆಳೆಸಿದೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಕಪ್ಪು ಕೋಶದ ಮಕ್ಕಳ ನಡುವೆ ಅಲ್ಲಲ್ಲಿ ಹಸಿರು ಹೊಳೆಯುತ್ತಿತ್ತು. ಗೈಡ್ ತುಂಬ ಹೊತ್ತು ನೋಡಿದರು. ನಿನ್ನ ಕೈ ಸರಿಯಾಗೇ ಇದೆ ಎಂದರು. ಆ ಅಕ್ಕನನ್ನು ಕರೆದುಕೊಂಡು ಬಾ ಎಂದೂ ಹೇಳಿದರು.

ನನ್ನ ಪ್ರಾಜೆಕ್ಟ್ ಮುಗಿಯಿತು. ನನ್ನ ಕೋಶಗಳು ಅಕ್ಕನ ಪ್ರಬಂಧದಲ್ಲಿ ಒಂದು ಅಧ್ಯಾಯವಾದವು. ಅವರಿಗೆ ಪಿಎಚ್‌ಡಿ ಸಿಕ್ಕಿದ ದಿನ ಬಸ್ ಸ್ಟ್ಯಾಂಡಿನಲ್ಲಿ ಖಾರ ಮಂಡಕ್ಕಿ ಕೊಡಿಸಿದರು, ಬಸ್ಸು ತಪ್ಪಿಹೋದರೂ ಗಮನಿಸದೆ ಮಾತಾಡಿದೆವು.

ಕಾರ್ಖಾನೆ ನಿಂತ ಮೇಲೆ ಅವರು ತಮ್ಮನಿದ್ದ ಕೊಯಮತ್ತೂರಿಗೆ ಹೋದರು. ಅಲ್ಲೂ ಪಾಠ ಮಾಡಿದರು, ಒಂದೆರಡು ವರ್ಷ. ಅಕ್ಕನಿಗೆ ಕ್ಯಾನ್ಸರ್ ಎಂದು ನನಗೆ ತಿಳಿಸಿದ್ದು ಅವರಮ್ಮ. ನೋಡಲು ಹೋದಾಗ ಕಾಯಿಲೆಯ ಮಾತೇ ಎತ್ತದೆ, ಈಗ ಏನು ಬೆಳೆಸುತ್ತಿದ್ದೀಯ ಎಂದು ವಿಚಾರಿಸಿದರು. ಅದೇ ಕೊನೆಯ ಭೇಟಿ...

ಈಗ ನಾನೂ ಪಾಠ ಮಾಡುತ್ತೇನೆ. ಈ ವರ್ಷದಿಂದ ಕಂಪ್ಯೂಟರಿನ ಮಕ್ಕಳನ್ನೂ ಜೀವಶಾಸ್ತ್ರದ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದೇನೆ. ಮೊನ್ನೆ ಕುಂಸಿಯ ಹುಡುಗಿಯೊಬ್ಬಳು, ಕಂಪ್ಯೂಟರಿನಲ್ಲಿ ತನ್ನ ಲೆಕ್ಕ ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತಿದೆಯೆಂದು ಎಲ್ಲ ಅಳಿಸಲು ಹೊರಟಿದ್ದಳು. ಅಳಿಸಬೇಡ, ನೋಡೋಣ ಎಂದೆ. ಹೀಗೆ ನೋಡುವುದನ್ನು ನಿಮಗೆ ಯಾರು ಕಲಿಸಿದರು ಎಂದು ಕೇಳಿದಳು. ಪಕ್ಕದ ಮನೆಯ ಅಕ್ಕ ಎಂದೆ. ಅವರನ್ನು ಒಂದು ದಿನ ಕ್ಲಾಸಿಗೆ ಕರೆಸಬಹುದಾ ಎಂದಳು.

ಅವರಿಲ್ಲ ಎಂದೆ. ಆಮೇಲೆ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತೆ. ಪರದೆಯ ಮೇಲೆ ಅವಳ ಲೆಕ್ಕ ಇನ್ನೂ ಓಡುತ್ತಿತ್ತು.