ಡಬ್ಬಿ ಹಿಡಿದು ಮೆಟ್ಟಿಲಿಳಿದ ಸಂಜೆ

ಸತ್ತವರು ಕರೆದರು, ಬಂದು ನಿಂತರು ಎಂದು ಯಾರಾದರೂ ಹೇಳಿದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕವಳು ನಾನು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದೆ. ಈಗ ನೀವು ನನ್ನ ಬಗ್ಗೆ ಹಾಗೇ ಅಂದುಕೊಂಡರೆ ಬೇಸರವಿಲ್ಲ. ನನಗಿರುವ ನಾಚಿಕೆ ಬೇರೆ ಕಾರಣಕ್ಕೆ.

ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ ಅದು. ನಾರಾಯಣಗೂಡದ ನಮ್ಮ ಗಲ್ಲಿಯಿಂದ ಮಗಳು ವಿನುತಾ ರಾತ್ರಿ ಪಾಳಿಗೆ ಹೋಗುತ್ತಿದ್ದಳು. ಸಂಜೆ ಕಂಪನಿಯ ಕ್ಯಾಬ್ ಬರುತ್ತಿತ್ತು. ಫೋನಿನಲ್ಲಿ ಮಾತಾಡುವುದು ಆಗ ದುಬಾರಿ. ಹೊರಡಲು ತಯಾರಾದವರು ಡ್ರೈವರನಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಕೊಡದಿದ್ದರೆ ಇವತ್ತು ರಜೆ ಎಂದು ತಿಳಿದು ಗಾಡಿ ನಮ್ಮ ಗಲ್ಲಿಗೆ ತಿರುಗದೆ ಮುಂದೆ ಹೋಗುತ್ತಿತ್ತು. ಅವಳು ಮಿಸ್ಡ್ ಕಾಲ್ ಕೊಟ್ಟು ತಲೆ ಬಾಚಿಕೊಳ್ಳುವಷ್ಟರಲ್ಲಿ ನಾನು ರೊಟ್ಟಿಯ ಡಬ್ಬಿ ಕಟ್ಟಿರಬೇಕು. ಅದು ನಮ್ಮಿಬ್ಬರ ನಿತ್ಯದ ಪೈಪೋಟಿ.

ಮಳೆಗಾಲದ ಒಂದು ಜ್ವರ ಅವಳನ್ನು ವಾರದೊಳಗೆ ಒಯ್ದುಬಿಟ್ಟಿತು. ಆಮೇಲೆ ನಾನು ರೊಟ್ಟಿ ಬಡಿಯಲಿಲ್ಲ. ನಮ್ಮ ಮನೆಯವರೇ ಆಫೀಸಿನಿಂದ ಬಂದು ಕುಕ್ಕರ್ ಇಡುತ್ತಿದ್ದರು. ನಾನು ಗೋಡೆಗೆ ಒರಗಿ ಕೂತು, ಇನ್ನು ಯಾತಕ್ಕೆ ಏಳಬೇಕು ಎಂದು ಯೋಚಿಸುತ್ತಿದ್ದೆ. ಉತ್ತರ ಸಿಗದೆ ಹಾಗೇ ಮಲಗುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ. ನಾನು ಎದ್ದದ್ದು, ಹಿಟ್ಟು ನಾದಿದ್ದು, ಹಂಚು ಇಟ್ಟದ್ದು ಯಾವುದೂ ನೆನಪಿಲ್ಲ. "ಯಾರದು ಅಡಗಿಮನ್ಯಾಗ?" ಎಂದು ನಮ್ಮವರು ಹೊರಗಿನಿಂದ ಕೂಗಿದಾಗ ಎಚ್ಚರವಾಯಿತು. ಮೊಣಕೈವರೆಗೆ ಜೋಳದ ಹಿಟ್ಟು. ವಿನುತಾಳ ಡಬ್ಬಿಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಮುಚ್ಚಳ ಹಾಕುತ್ತಿದ್ದಂತೆ ಕೆಳಗೆ ಕ್ಯಾಬಿನ ಹಾರ್ನ್ ಕೇಳಿಸಿತು.

ಚಪ್ಪಲಿಯಿಲ್ಲದೆ, ಕೆದರಿದ ಕೂದಲಲ್ಲಿ ಮೆಟ್ಟಿಲಿಳಿದು ಓಡಿದೆ. ಕೆಳಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಓಡುವಾಗ ನನಗೆ ಸಂತೋಷವಾಗಿತ್ತು. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಡ್ರೈವರ್ ಯಾದಗಿರಿ, ಹೆಂಡತಿಯ ಬಾಣಂತನಕ್ಕೆಂದು ತಿಂಗಳುಗಟ್ಟಲೆ ಊರಲ್ಲಿದ್ದು ಅಂದೇ ಕೆಲಸಕ್ಕೆ ಮರಳಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ. "ಮೇಡಂ ಮಿಸ್ಡ್ ಕಾಲ್ ಇಚ್ಚಾರಮ್ಮಾ, ಅಂದುಕೇ ವಚ್ಚಾ" ಎಂದು ತೆಲುಗಿನಲ್ಲಿ ನಗುತ್ತಾ ಹೇಳಿ ತನ್ನ ಫೋನ್ ತೋರಿಸಿದ. ಮೇಡಂ ಮಿಸ್ಡ್ ಕಾಲ್ ಕೊಟ್ಟರು, ಅದಕ್ಕೇ ಬಂದೆ ಅಂತ. ಪರದೆಯ ಮೇಲೆ ಅವಳ ಹೆಸರೇ ಇತ್ತು.

ಆಕೆ ಹೋಗಿಬಿಟ್ಟಳಪ್ಪಾ ಎನ್ನಲು ಬಾಯಿ ಬರಲಿಲ್ಲ. "ಆಕಿ ಇವತ್ತು ಬರೂದಿಲ್ಲ" ಎಂದು ಕನ್ನಡದಲ್ಲೇ ಅಂದೆ.

ಹಿಂದಿನ ಸೀಟಿನಿಂದ ಒಂದು ಹೊಸ ಹುಡುಗಿ ತಲೆ ಹೊರಹಾಕಿದಳು. "ಅಯ್ಯೋ ಆಂಟಿ, ನೀವು ಕನ್ನಡದೋರಾ? ಡಬ್ಬೀಲಿ ಏನಿದೆ?"

"ರೊಟ್ಟಿ."

"ನಾವು ಮೈಸೂರಿನೋರು, ನಿಮ್ಮ ರೊಟ್ಟಿ ತಿಂದ್ರೆ ದವಡೆ ನೋಯುತ್ತೆ. ಆದ್ರೂ ಕೊಡಿ ಆಂಟಿ, ಹಾಸ್ಟೆಲ್ ಸಾಂಬಾರು ತಿಂದು ನಾಲಿಗೇನೇ ಸತ್ತೋಗಿದೆ. ನಿಮ್ಮ ಮಗಳಿಗೆ ಹೇಳ್ಬೇಡಿ!"

ಕೊಟ್ಟೆ. ಗಾಡಿ ಹೋಯಿತು.

ಮೇಲೆ ಬಂದು ನಮ್ಮವರಿಗೆ ಹೇಳಿದೆ. "ಯಾರೋ ತಪ್ಪು ನಂಬರ್ ಒತ್ತಿರಬೇಕು, ಬಿಡು" ಎಂದರು.

"ತಪ್ಪು ನಂಬರಿಗೆ ಆಕಿ ಹೆಸರು ಹ್ಯಾಂಗ ಬರ್ತದ್ರೀ?"

ಅವರು ಕಪಾಟು ತೆರೆದು ಅವಳ ಮೊಬೈಲ್ ತೆಗೆದರು. ಸಿಮ್ ಅದರಲ್ಲೇ ಇತ್ತು. ಚಾರ್ಜ್ ಇಲ್ಲದ ಫೋನ್ ಎಷ್ಟು ಒತ್ತಿದರೂ ಬೆಳಗಲಿಲ್ಲ. "ಭಾಳ ವಿಚಾರ ಮಾಡಬ್ಯಾಡ" ಎಂದರು. ಆದರೆ ಆ ರಾತ್ರಿ ಅವರೂ ಊಟ ಮಾಡಲಿಲ್ಲ.

ಮರುದಿನ ಆ ಹುಡುಗಿ ತೊಳೆದ ಡಬ್ಬಿ ಹಿಡಿದು ಬಂದಳು. ಆಫೀಸಿನಲ್ಲಿ ಯಾರೋ ವಿಷಯ ಹೇಳಿದ್ದರು. ಬಾಗಿಲಲ್ಲೇ ಕುಸಿದು ಅತ್ತಳು. ಅವಳಿಗೆ ಹೇಗೆ ಸಮಾಧಾನ ಹೇಳಬೇಕೋ ತಿಳಿಯದೆ ಒಲೆ ಹಚ್ಚಿದೆ. ಅವಳ ಹಿಂದೆ ಧಾರವಾಡದವಳೊಬ್ಬಳು, ಕುಂದಾಪುರದವಳೊಬ್ಬಳು ಬಂದರು. ಕ್ರಮೇಣ ಸಂಜೆಯ ಅಡುಗೆ ಮನೆ ತುಂಬಿತು. ಒಬ್ಬಳಿಗೆ ಖಾರ ಆಗದು, ಒಬ್ಬಳಿಗೆ ತೆಂಗಿನಕಾಯಿ ಇಲ್ಲದೆ ಆಗದು. ಬೆಳಿಗ್ಗೆ ಏಳಲು ನನಗೊಂದು ಕಾರಣ ಸಿಕ್ಕಿತು. ದೇವರ ಮುಂದೆ ದೀಪ ಹಚ್ಚುವುದನ್ನೂ ಮತ್ತೆ ಶುರುಮಾಡಿದೆ.

ಇದೆಲ್ಲ ಅವಳೇ ಮಾಡಿಸಿದ್ದು ಎಂದು ಬಂಧುಗಳು ಹೇಳುತ್ತಾರೆ. ತಾಯಿಯನ್ನು ಎಬ್ಬಿಸಲು ಮಗಳು ಕರೆ ಕೊಟ್ಟಳಂತೆ. ಕೇಳಲು ಹಿತವಾಗಿದೆ. ನಾನೂ ತಲೆಯಾಡಿಸುತ್ತೇನೆ, ಆಮೇಲೆ ಮುಖ ತಗ್ಗಿಸುತ್ತೇನೆ.

ನಿಜವಾಗಿ ಕರೆದವಳು ವಿನುತಾಳೇ ಆಗಿದ್ದರೆ, ನನ್ನನ್ನು ಎಬ್ಬಿಸಲೆಂದೇ ಕರೆದಳು ಎಂದು ಹೇಗೆ ಹೇಳಲಿ? ಅವಳಿಗೇ ಹಸಿವಾಗಿದ್ದಿರಬಹುದಲ್ಲ. ನಾನು ಕೆಳಗೆ ಹೋಗಿ, ಅವಳ ಊಟವನ್ನು ಬೇರೆಯವಳ ಕೈಗೆ ಕೊಟ್ಟು ಬಂದೆ.