ಪಾದರಸದ ಚಕ್ರ

ನಮ್ಮ ಸೀಮೆಗೆ ಕಾಲುವೆಯ ನೀರು ಇನ್ನೂ ಬಂದಿರಲಿಲ್ಲ, ಬರುತ್ತದೆ ಅನ್ನುವ ಸುದ್ದಿ ಮಾತ್ರ ಬಂದಿತ್ತು. ಆಗ ಮಕ್ಕಳಾಗಿದ್ದವರಿಗೆ ನೆನಪಿರಬೇಕು: ಮಣ್ಣು ಹೊತ್ತ ಕತ್ತೆಗಳ ಸಾಲು, ಕ್ಯಾಂಪಿನ ಬಿಳಿ ಡೇರೆಗಳು, ಕೆಂಪು ಝಂಡಾ ನೆಟ್ಟು ಮೂರು ಕಾಲಿನ ದುರ್ಬೀನಿಗೆ ಕಣ್ಣಿಟ್ಟು ನಿಂತ ಸರ್ವೇದವರು. ಸಿಂಧನೂರಿನ ಕಡೆಯಿಂದ ಬರುವ ಬಸ್ಸಿನ ತುಂಬ ಅದೇ ಮಾತು. ಜೋಳ ಬಿಟ್ಟು ಬೇರೆ ಕಂಡಿರದ ಜನ ಭತ್ತದ ಕನಸು ಕಾಣುತ್ತಿದ್ದ ಕಾಲ ಅದು.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಬೋರ್ಡರ್. ಅಪ್ಪ ಲಿಂಗಸುಗೂರಿನಲ್ಲಿ ವಕೀಲರು. ಸಮ್ಮರ್ ಹಾಲಿಡೇಸ್ ಬಂತೆಂದರೆ ಲಿಂಗಸುಗೂರಿನ ಮನೆಯಲ್ಲಿ ಟ್ರಂಕ್ ಇಟ್ಟು, ಮರುದಿನವೇ ಮಸ್ಕಿಗೆ, ಆಯಿಯ ಮನೆಗೆ. ಆಯಿ ಅಂದರೆ ಅಪ್ಪನ ತಾಯಿ. ಅಲ್ಲಿ ಅಪ್ಪನ ತಮ್ಮ ಶರಣಪ್ಪ ಕಾಕಾ ಇದ್ದ, ಅವನ ಹೆಂಡತಿ ನೀಲವ್ವ ಚಿಗವ್ವ ಇದ್ದಳು. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ರಜೆಯ ಮಟ್ಟಿಗೆ ನಾನೇ ಅವರ ಮಗಳು. ಕಾನ್ವೆಂಟಿನ ಬ್ರೆಡ್ಡು, ನೀರು ಸೂಪು ತಿಂದು ಬಡಕಲಾದ ನನ್ನನ್ನು ಚಿಗವ್ವ ಒಲೆಯ ಮುಂದೆ ಕೂರಿಸಿಕೊಂಡು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಸವರಿ, ಪುಂಡಿಪಲ್ಲೆ ಹಚ್ಚಿ, ಸುರುಳಿ ಮಾಡಿ ಬಾಯಿಗಿಡುತ್ತಿದ್ದಳು. "ತಿನ್ನಬೇ, ಮ್ಯಾಡಮ್ಮ. ಅಲ್ಲಿ ನಿನಗ ಬರೇ ಇಂಗ್ಲೀಷ ತಿನಸ್ತಾರೇನು?"

ಕಾಕಾ ಉರ್ದು ಸಾಲಿಯಲ್ಲಿ ಕಲಿತವನು, ಮ್ಯಾಟ್ರಿಕ್ ದಾಟಿರಲಿಲ್ಲ. ಆದರೆ ಕೈ ಮಾತ್ರ ಜಾದೂ. ಹತ್ತಿ ಗಿರಣಿಯ ಎಂಜಿನ್ ಕೆಟ್ಟರೂ, ಯಾರ ಮನೆಯ ಗ್ರಾಮೊಫೋನ್ ಕೆಟ್ಟರೂ ಅವನಿಗೇ ಬುಲಾವು. ಆ ಬೇಸಿಗೆ ಮಾತ್ರ ಅವನ ಮುಖ ಕಪ್ಪಿಟ್ಟಿತ್ತು. ಸರ್ವೇದವರ ಕೆಂಪು ಝಂಡಾ ನಮ್ಮ ಹೊಲದ ಕೆಳಗೆ ಹಾದುಹೋಗಿತ್ತು. ನಮ್ಮದು ದಿಬ್ಬದ ಮೇಲಿನ ಹೊಲ. ಊರಿಗೆಲ್ಲ ನೀರು ಬಂದರೂ ನಮಗೆ ಅದನ್ನು ನೋಡುವ ಭಾಗ್ಯ ಅಷ್ಟೇ.

"ನೀರು ತಾನ ಮ್ಯಾಲ ಏರೂದಿಲ್ಲ. ಎತ್ತಾಕ ಎತ್ತು ಬೇಕು, ಇಲ್ಲಾ ಎಣ್ಣಿ ಬೇಕು," ಅಂದ ಕಾಕಾ. "ಎರಡೂ ಬ್ಯಾಡಾದಂಥದ್ದು ಒಂದು ನಾ ಮಾಡೀನಿ. ನೋಡ್ತೀಯೇನು ಸುಶೀ?"

ಅಂಗಳದಲ್ಲಿ ಆಳೆತ್ತರದ ಒಂದು ಮರದ ಚಕ್ರ ನಿಂತಿತ್ತು. ಅದರ ಅರಗಳ ಜಾಗದಲ್ಲಿ ಓರೆಯಾಗಿ ಕೂರಿಸಿದ ತಾಮ್ರದ ನಳಿಗೆಗಳು. ಪ್ರತಿಯೊಂದರಲ್ಲೂ ಅರ್ಧ ಪಾದರಸ. ಯಾವುದೋ ಹಳೆಯ ಜ್ಯೋತಿಷ್ಯದ ಗ್ರಂಥದಲ್ಲಿ ಇಂಥ ಚಕ್ರದ ವರ್ಣನೆ ಇದೆಯೆಂದು ಊರಿಗೆ ಬಂದಿದ್ದ ಶಾಸ್ತ್ರಿಯೊಬ್ಬರು ಹೇಳಿದ್ದರಂತೆ. ಪಾದರಸ ಕೊಟ್ಟವನು ಅಕ್ಕಸಾಲಿಗ. ಕಾಕಾ ಒಂದು ಹನಿಯನ್ನು ನನ್ನ ಅಂಗೈಗೆ ಬಿಟ್ಟ. ತಣ್ಣಗೆ, ಭಾರವಾಗಿ, ಜೀವ ಇದ್ದ ಹಾಗೆ ಓಡಾಡಿತು. ಈಗಿನ ತಾಯಂದಿರು ಕೇಳಿದರೆ ಹೌಹಾರುತ್ತಾರೆ. ನನಗೆ ಅಂಗೈಯಲ್ಲಿ ಚಂದ್ರ ಬಂದಂತಾಗಿತ್ತು.

"ಒಂದು ಕಡಿ ರಸ ಇಳೀತೈತಿ, ಚಕ್ರ ವಾಲತೈತಿ. ವಾಲಿದ ಕೂಡ್ಲೇ ಇನ್ನೊಂದು ನಳಿಗಿಯ ರಸ ಇಳೀತೈತಿ. ನಿಲ್ಲಾಕ ಅದಕ್ಕ ಪುರಸೊತ್ತೆಲ್ಲೈತಿ?"

ಚಕ್ರ ನೆಟ್ಟಿದ್ದು ಹಗೇವಿನ ಬಾಯಿಯ ಪಕ್ಕದಲ್ಲಿ. ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬರು ಇಳಿಯುವಷ್ಟೇ, ಒಳಗೆ ಕೋಣೆಯಷ್ಟು ಜಾಗ. ನಮ್ಮದು ಆ ವರ್ಷ ಖಾಲಿ. ತಳದಲ್ಲಿ ಮುಗ್ಗಿದ ಜೋಳ ಒಂದಿಷ್ಟು ಉಳಿದಿತ್ತು, ಅಷ್ಟೇ. ಅದರ ಬಾಯಿಯ ಮೇಲೆ ಕಾಕಾ ಹಲಗೆಯ ದೊಡ್ಡ ಪೆಟ್ಟಿಗೆ ಕೂರಿಸಿದ್ದ. ಚಕ್ರದ ಅಚ್ಚಿನ ಒಂದು ತುದಿ ಪೆಟ್ಟಿಗೆಯೊಳಗೆ ಹೋಗಿತ್ತು. "ಅದರಾಗ ರಸದ ತೊಟ್ಟಿ ಐತಿ. ಬಿಲ್ಕುಲ್ ಮುಟ್ಟಬ್ಯಾಡ, ವಿಷ," ಅಂದಿದ್ದ.

ಮೊದಲ ಸಲ ಅವನು ಚಕ್ರ ತಿರುಗಿಸಿ ತೋರಿಸಿದ್ದು ನನಗೊಬ್ಬಳಿಗೇ. ಆಯಿ ಮಲಗಿದ್ದಳು. ಚಿಗವ್ವ ಗುಡ್ಡದ ಮಲ್ಲಯ್ಯನ ಗುಡಿಗೆ ಹೋಗಿದ್ದಾಳೆ ಅಂದ. ತಡೆಗೂಟ ಕಿತ್ತ. ದೇವರಿಗೆ ಕೈಮುಗಿದು, ಹಾಸುಗಲ್ಲಿಗೆ ಹಿಮ್ಮಡಿಯಿಂದ ಎರಡು ಸಲ ಕುಟ್ಟಿದ. ಚಕ್ರ ನರಳಿತು, ಅಲುಗಿತು, ಆಮೇಲೆ ತಿರುಗಿತು. ಯಾರೂ ಮುಟ್ಟದೆ! ತಾಮ್ರದ ನಳಿಗೆಗಳು ಬಿಸಿಲಿಗೆ ಮಿಂಚುತ್ತ, ಒಳಗಿನ ರಸ ಗುಳುಗುಳು ಅನ್ನುತ್ತ, ನನ್ನ ಮುಖಕ್ಕೆ ಗಾಳಿ ಬೀಸುತ್ತ ತಿರುಗಿಯೇ ತಿರುಗಿತು. ನಾನು ಕುಣಿದು ಕುಣಿದು ಚಪ್ಪಾಳೆ ತಟ್ಟಿದೆ. "ಫಾಸ್ಟರ್, ಕಾಕಾ, ಫಾಸ್ಟರ್!" ಅಂದೆ. ನಿಜವಾಗಿಯೂ ಅದು ಇನ್ನೂ ಜೋರಾಯಿತು. ನಮ್ಮ ಸೈನ್ಸ್ ಸಿಸ್ಟರ್‌ಗೆ ಗೊತ್ತಿಲ್ಲದ್ದು ನಮ್ಮ ಕಾಕಾನಿಗೆ ಗೊತ್ತಿದೆ ಅಂತ ನನ್ನ ಎದೆ ಉಬ್ಬಿತ್ತು.

ಆಮೇಲೆ ನೆರೆಯವರು ಬಂದು ನೋಡಿದರು, ಬಳಗಾನೂರಿನಿಂದ ಬೀಗರು ಬಂದು ನೋಡಿದರು. ಚಿಗವ್ವ ಮಾತ್ರ ಒಮ್ಮೆಯೂ ನೋಡಲಿಲ್ಲ. ಚಕ್ರ ತಿರುಗುವ ಹೊತ್ತಿಗೆ ಬಾವಿಗೋ ಗುಡ್ಡಕ್ಕೋ ಹೋಗಿರುತ್ತಿದ್ದಳು. ನಾನು ಕೈ ಹಿಡಿದು ಎಳೆದರೆ, "ಹೋಗಬೇ, ಅದು ನನ್ನ ಸವತಿ. ಸವತಿ ಮಾರಿ ನಾ ಯಾಕ ನೋಡ್ಲಿ?" ಅಂದು ಎಲ್ಲರನ್ನೂ ನಗಿಸುತ್ತಿದ್ದಳು.

ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ರೊಟ್ಟಿ ಬಡಿಯುವಾಗ ತುಟಿ ಕಚ್ಚುತ್ತಿದ್ದಳು. ಏನದು ಅಂದರೆ, "ಬೀಸುಕಲ್ಲಿನ ಗೂಟ ಹತ್ತೇತಿ, ಅಷ್ಟ." ಅವಳ ತಲೆಗೂದಲಿಗೆ ಮುಗ್ಗಲು ಜೋಳದ ಹುಳಿ ವಾಸನೆ. ಪಕ್ಕದಲ್ಲಿ ಮಲಗಿದಾಗ ಮೂಗಿಗೆ ಬಡಿಯುತ್ತಿತ್ತು. ಹಳ್ಳಿ ಹೆಂಗಸಿನ ವಾಸನೆಯೇ ಹೀಗೇನೋ ಅಂದುಕೊಂಡೆ. ಮಕ್ಕಳಿಗೆ ಎಲ್ಲವೂ ಕಾಣುತ್ತದೆ. ಕಂಡದ್ದನ್ನು ಒಂದಕ್ಕೊಂದು ಹೊಂದಿಸುವವರು ಯಾರು?

ಕಾಕಾ ಕಾಲುವೆಯ ಕ್ಯಾಂಪಿಗೆ ಹೋಗಿ ಇಂಜಿನಿಯರ್ ಸಾಹೇಬರನ್ನು ಕರೆದು ಬಂದ. "ಅವರು ಒಂದು ಮಾತು ಹೇಳಿದ್ರ ಸರಕಾರದವರು ದೊಡ್ಡ ಚಕ್ರ ಮಾಡಸ್ತಾರ. ನಮ್ಮ ದಿಬ್ಬಕ್ಕೂ ನೀರು," ಅಂದ. ಸಾಹೇಬರು ಮದರಾಸಿನ ಕಡೆಯವರು, ಕನ್ನಡ ಬಾರದು. ಇಂಗ್ಲಿಷಿಗೆ ನಾನಿದ್ದೆನಲ್ಲ! ಆ ದಿನಕ್ಕೆ ಇಸ್ತ್ರಿ ಮಾಡಿದ ಬಿಳಿ ಫ್ರಾಕು, ರಿಬ್ಬನ್ನು. ಇದರಲ್ಲಿ ಮೋಸವಿಲ್ಲ ಅಂತ ಇಂಗ್ಲಿಷಿನಲ್ಲಿ ಹೆಂಗ ಹೇಳ್ತಾರ ಅಂತ ಕಾಕಾ ಕೇಳಿದ. ನಾನು ಹೇಳಿಕೊಟ್ಟೆ: ವರ್ಡ್ ಆಫ್ ಆನರ್. ಕಾನ್ವೆಂಟಿನಲ್ಲಿ ಅದಕ್ಕಿಂತ ದೊಡ್ಡ ಆಣೆ ಇರಲಿಲ್ಲ. ಅದನ್ನು ಕೊಟ್ಟ ಹುಡುಗಿಯನ್ನು ಮದರ್ ಮತ್ತೆ ಪ್ರಶ್ನೆ ಕೇಳುತ್ತಿರಲಿಲ್ಲ.

"ನೀ ಅದನ್ನ ಹೇಳಬೇಕು ನೋಡು ಸುಶೀ," ಅಂದ ಕಾಕಾ, ನನ್ನ ತಲೆ ನೇವರಿಸಿ. "ನಿನ್ನ ಮಾತು ಸಾಹೇಬರು ನಂಬ್ತಾರ."

ಆ ದಿನ ಬೆಳಗಾಗುತ್ತಲೇ ಅಂಗಳದಲ್ಲಿ ಜನ ಸೇರತೊಡಗಿದರು. ಕಾಕಾ ಪೆಟ್ಟಿಗೆಯ ಸಂದುಗಳಿಗೆ ಸಗಣಿ ಕಲಸಿದ ಕೆಸರು ಮೆತ್ತುತ್ತಿದ್ದ, ಜೋಳ ತುಂಬಿದ ಹಗೇವಿನ ಬಾಯಿ ಮುಚ್ಚುವ ಹಾಗೆ, ಗಾಳಿ ಆಡದಂತೆ. "ಇಂಜಿನಿಯರ್ ಮಂದಿ, ಹಣಿಕಿ ಹಾಕಿ ನೋಡ್ತಾರ," ಅಂದ. ಸಾಹೇಬರ ಜೀಪು ಬಂದಾಗ ಸೂರ್ಯ ನೆತ್ತಿಗೇರಿದ್ದ.

ಹಿಮ್ಮಡಿ ಎರಡು ಸಲ ಕುಟ್ಟಿತು. ಚಕ್ರ ತಿರುಗಿತು. ಜನ "ಕಮಾಲ್!" ಅಂದರು. ಸಾಹೇಬರು ಟೋಪಿ ತೆಗೆದು ಸುತ್ತಲೂ ನೋಡಿದರು, ಗೋಡೆಯ ಹಿಂದೆ ಬಗ್ಗಿದರು, ನನ್ನ ಕಡೆ ತಿರುಗಿ, ಎಲ್ಲಾದರೂ ಯಾರಾದರೂ ಅಡಗಿದ್ದಾರೆಯೇ ಯಂಗ್ ಲೇಡಿ ಅಂತ ಇಂಗ್ಲಿಷಿನಲ್ಲಿ ಕೇಳಿದರು.

ನಾನು ನೆಟ್ಟಗೆ ನಿಂತು, "ನೋ ಸರ್. ಐ ಗಿವ್ ಯೂ ಮೈ ವರ್ಡ್ ಆಫ್ ಆನರ್," ಅಂದೆ.

ಸಾಹೇಬರು ನಕ್ಕು ತಲೆಯಾಡಿಸಿದರು. ಅಷ್ಟರಲ್ಲಿ ಚಕ್ರ ನಿಧಾನವಾಯಿತು. ಒಮ್ಮೆ ಹಿಂದಕ್ಕೆ ತೂಗಿತು. ನಿಂತಿತು.

ಕಾಕಾ ಹಿಮ್ಮಡಿಯಿಂದ ಕುಟ್ಟಿದ. ಮತ್ತೆ ಕುಟ್ಟಿದ. ಚಕ್ರ ಅಲುಗಲಿಲ್ಲ. ಅವನ ಹಣೆಯ ಮೇಲೆ ಬೆವರು ಮೂಡಿದ್ದನ್ನು ನಾನು ನೋಡಿದೆ. ನನಗೆ ಹೇಳಿದ: "ರಸಕ್ಕ ದಣಿವಾಗೇತಿ, ಜರಾ ಆರಾಮ ಬೇಕು ಅಂತ ಹೇಳು."

"ದ ಮರ್ಕ್ಯುರಿ ಈಸ್ ಟೇಕಿಂಗ್ ರೆಸ್ಟ್, ಸರ್," ಅಂದೆ ನಾನು, ಕಾನ್ವೆಂಟಿನ ಉಚ್ಚಾರ ಒಂದಿಷ್ಟೂ ತಪ್ಪದೆ.

ಪಡಸಾಲೆಯಲ್ಲಿ ಕೂತಿದ್ದ ಆಯಿ ಆಗ ಕೇಳಿದಳು: "ಶರಣಪ್ಪಾ, ನೀಲವ್ವ ಎಲ್ಲಿ?"

"ಗುಡ್ಡಕ್ಕ ಹೋಗ್ಯಾಳವ್ವ."

"ಕಾಯಿ ಬುಟ್ಟಿ ಇಲ್ಲೇ ಐತಲ್ಲೋ. ಬರೇ ಕೈಲೆ ಹೋಗ್ಯಾಳೇನು ಮಲ್ಲಯ್ಯಗ?"

ಕಾಕಾನ ಕಣ್ಣು ಪೆಟ್ಟಿಗೆಯ ಕಡೆ ಹೋಗಿ ಬಂತು, ಅಷ್ಟೇ. ಆಯಿಗೆ ಅಷ್ಟೇ ಸಾಕಾಯಿತು. ಮಂಡಿನೋವಿನ ಮುದುಕಿ ಮೆಟ್ಟಿಲಿಳಿದು ಓಡಿ ಬಂದಳು, ಉಗುರಿನಿಂದ ಕೆಸರು ಕೆರೆಯತೊಡಗಿದಳು. "ಹಾಳಾದವನ, ಹಗೇವು ಮೆತ್ತಿಯಲ್ಲೋ! ಮನಿಶ್ಯಾರನ್ನ ಒಳಗಿಟ್ಟು ಹಗೇವು ಮೆತ್ತಿಯಲ್ಲೋ!"

ಕಾಕಾ ಅವಳ ಕೈ ಹಿಡಿದ. ಅವನು ಅಂದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಅವ್ವಾ, ಪೆಟ್ಟಿಗಿ ಒಡಿಬ್ಯಾಡ. ಸಾಹೇಬರು ನೋಡಾಕತ್ತಾರ."

ಪೆಟ್ಟಿಗೆ ಒಡೆದವನು ಪಕ್ಕದ ಮನೆಯ ಹುಸೇನಪ್ಪ, ಗುದ್ದಲಿಯ ಒಂದೇ ಏಟಿಗೆ. ಒಳಗೆ ಅಚ್ಚಿನಿಂದ ಒಂದು ಹಗ್ಗ ಇಳಿದು ಹಗೇವಿನ ಕತ್ತಲೆಗೆ ಹೋಗಿತ್ತು. ಆ ಹುಳಿ ವಾಸನೆ ಗಪ್ಪನೆ ಮೇಲೆ ಬಂತು. ಚಿಗವ್ವನ ತಲೆಗೂದಲಿನ ವಾಸನೆ. ಆಯಿ ದೀಪ ಇಳಿಸಿದಳು. ಮಾರುದ್ದ ಇಳಿಯುತ್ತಲೇ ಆರಿತು. ನಮ್ಮ ಕಡೆ ಹಗೇವಿನಲ್ಲಿ ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಮೊದಲು ಕಂಬಳಿಗೆ ಹಗ್ಗ ಕಟ್ಟಿ ಇಳಿಸಿ ಎಳೆದು, ಇಳಿಸಿ ಎಳೆದು, ಕೆಟ್ಟ ಗಾಳಿ ಕದಡಿದರು. ಆಮೇಲೆ ಹುಸೇನಪ್ಪ ಸೊಂಟಕ್ಕೆ ಹಗ್ಗ ಬಿಗಿದು ಉಸಿರು ಕಟ್ಟಿ ಇಳಿದ. ಕೋಟು ಬಿಸಾಕಿ ಹಗ್ಗ ಜಗ್ಗಿದವರಲ್ಲಿ ಸಾಹೇಬರೂ ಒಬ್ಬರು. ಚಿಗವ್ವ ಮೇಲೆ ಬಂದಾಗ ಅವಳ ತುಟಿ ನೇರಳೆಯಾಗಿತ್ತು. ಅಂಗೈ ಸುಲಿದು, ರಕ್ತ ಕೆಸರಿಗೆ ಅಂಟಿತ್ತು.

ನೀರು ಚಿಮುಕಿಸಿ, ಗಾಳಿ ಬೀಸಿ, ಎಷ್ಟೋ ಹೊತ್ತಿನ ಮೇಲೆ ಅವಳು ಕೆಮ್ಮಿದಳು. ಆಯಿ ಅಂಗಳದಲ್ಲೇ ಕೂತು ಅತ್ತಳು. ಸಾಹೇಬರು ಕೋಟು ಕೊಡವಿ ಹೆಗಲಿಗೆ ಹಾಕಿಕೊಂಡು ಜೀಪಿನತ್ತ ನಡೆದರು. ನನ್ನ ಮುಂದೆ ಹಾಯುವಾಗ ಒಮ್ಮೆ ನಿಂತು ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸಂಜೆ ಚಿಗವ್ವನ ಅಂಗೈಗೆ ಆಯಿ ಅರಿಶಿನ, ಎಣ್ಣೆ ಹಚ್ಚಿ ಬಟ್ಟೆ ಸುತ್ತಿದಳು. ನಾನು ಪಕ್ಕದಲ್ಲಿ ಕೂತೆ. ಅವತ್ತು ಮೊದಲ ಬಾರಿಗೆ ಅವಳಿಗೆ ನಾನು ಉಣಿಸಿದೆ.

"ಎಲ್ಲಾ ಸಲನೂ ನೀನಾ?" ಅಂದೆ.

"ಹೂಂ."

"ನನಗ ಒಬ್ಬಾಕಿಗೆ ತೋರಿಸಿದಾಗ?"

"ಅವಾಗೂ ನಾನ." ಅವಳು ಮಾಡಿನ ಜಂತೆ ನೋಡುತ್ತ ಹೇಳಿದಳು: "ಚಕ್ರ ಖರೇನ ಒಂದೀಟು ತಿರುಗಿ ನಿಲ್ಲತಿತ್ತವ್ವ. ಇನ್ನೊಂದು ತಿಂಗಳದಾಗ ಸರಿ ಮಾಡ್ತೀನಿ, ಅಲ್ಲೀಮಟ ನನ್ನ ಇಜ್ಜತ್ತು ಉಳಿಸು ಅಂದ್ರು ನಿಮ್ಮ ಕಾಕಾ. ಅವತ್ತ ನೀ ಚಪ್ಪಾಳಿ ತಟ್ಟಿದ್ದು ಕೆಳಗ ಕೇಳಿಸ್ತು. ಕೂಸಿಗೆ ಎಷ್ಟ ಖುಷಿ ಆಗೇತಿ ಅಂತ ಇನ್ನಾ ಜೋರ ತಿರುವಿದೆ."

ನಾನು ತುತ್ತು ಹಿಡಿದ ಕೈ ಇಳಿಸಿದೆ. ಅವಳೇ ಕೇಳಿದಳು: "ಚಕ್ರ ನಿಂತ ಮ್ಯಾಲ ಅವರು ಏನಂದ್ರು?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರಸಕ್ಕೆ ದಣಿವಾಗಿದೆ ಅಂದದ್ದು. ಪೆಟ್ಟಿಗೆ ಒಡೆಯಬೇಡ ಅಂದದ್ದು.

ಚಿಗವ್ವ ಬಟ್ಟೆ ಸುತ್ತಿದ ಅಂಗೈಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡಳು. ಆಮೇಲೆ, "ಸಾಹೇಬರು ಚಾ ಕುಡದ ಹೋದ್ರೇನು?" ಅಂದಳು.

ಅವಳು ಕಾಕಾನನ್ನು ಬಯ್ದದ್ದನ್ನು ನಾನು ಕೇಳಲಿಲ್ಲ. ಕೈ ಮಾಯ್ದ ಮೇಲೆ ಒಂದು ಮುಂಜಾನೆ ಕೊಡಲಿ ತೆಗೆದುಕೊಂಡು ಚಕ್ರದ ಮರವನ್ನೆಲ್ಲ ಸೀಳಿದಳು, ಒಲೆಗೆ ಒಟ್ಟಿದಳು. ಆ ಬೆಂಕಿಯ ಮೇಲೆ ಬೆಂದ ರೊಟ್ಟಿಯನ್ನು ಕಾಕಾನ ತಾಟಿಗೆ ಹಾಕಿದಳು. ಅವನು ತಲೆ ಬಗ್ಗಿಸಿ ತಿಂದ. ಸವತಿ ಅನ್ನುವ ಜೋಕು ಮತ್ತೆ ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅವಳು ಊಟಕ್ಕೆ ಬಡಿಸಿದಳು, ಬಟ್ಟೆ ಒಗೆದಳು, ಕಡೆಯವರೆಗೂ ಬಾಳಿದಳು. ಕಾಕಾ ಅಡುಗೆಮನೆಗೆ ಬಂದರೆ ಮಾತ್ರ ಅವಳ ಮಾತು ನಿಲ್ಲುತ್ತಿತ್ತು.

ಕಾಲುವೆ ಬಂತು. ಕೆಳಗಿನವರ ಹೊಲ ಹಸಿರಾದವು. ಎಷ್ಟೋ ವರ್ಷ ಕಳೆದು, ಮದುವೆಯಾಗಿ ಮಕ್ಕಳ ಕೈ ಹಿಡಿದು ನಾನು ಮಸ್ಕಿಗೆ ಹೋದಾಗ ನಮ್ಮ ದಿಬ್ಬಕ್ಕೂ ಕರೆಂಟು ಬಂದಿತ್ತು, ಪಂಪು ಕೂತಿತ್ತು. ಈಗ ಆ ಅಂಗಳದಲ್ಲಿ ಹಗೇವಿಲ್ಲ, ಮುಚ್ಚಿ ಫರಸಿ ಹಾಸಿದ್ದಾರೆ. ಆಯಿ ಇಲ್ಲ, ಕಾಕಾ, ಚಿಗವ್ವ ಇಬ್ಬರೂ ಇಲ್ಲ. ಬಿಸಿ ರೊಟ್ಟಿಯನ್ನು ಸುರುಳಿ ಮಾಡಿ ಬಾಯಿಗಿಡುವ ಕೈಯಿಲ್ಲ. ಅವೆಲ್ಲ ಕಾಲ ಒಯ್ದದ್ದು. ಕಾಲಕ್ಕಿಂತ ಮೊದಲೇ ಹೋದದ್ದು ಒಂದಿದೆ. ಅದು ನನಗೆ ತಿಳಿದದ್ದು ಪಂಪಿನ ಆ ದಿನ.

ನರೆತ ಮೀಸೆಯ ಕಾಕಾ ನಮ್ಮನ್ನೆಲ್ಲ ಹೊಲಕ್ಕೆ ಕರೆದೊಯ್ದು, "ನೋಡು ಸುಶೀ, ಈಗ ನೋಡು," ಅಂತ ಬಟನ್ ಒತ್ತಿದ. ಮೋಟರು ಗುಂಯ್ ಅಂದಿತು. ಕೊಳವೆಯ ಬಾಯಿಂದ ನೀರು ಬಿಳಿಯಾಗಿ ಚಿಮ್ಮಿತು. ದಿಬ್ಬದ ಮೇಲೆ, ಎತ್ತಿಲ್ಲದೆ, ಅವನು ಅಂದಿದ್ದ ಹಾಗೆಯೇ. ನನ್ನ ಮಕ್ಕಳು ಕುಣಿದು ಕುಣಿದು ಚಪ್ಪಾಳೆ ತಟ್ಟಿದರು. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದ, ನಾನೂ ತಟ್ಟಲಿ ಅಂತ. ಎರಡು ಕೈ ಎತ್ತಿದೆ. ಆದರೆ ನನ್ನ ಕಣ್ಣು ಹೋದದ್ದು ನೀರಿನ ಕಡೆ ಅಲ್ಲ, ಬದುವಿನ ಮೇಲೆ ಕೂತಿದ್ದ ಚಿಗವ್ವನ ಕಡೆ. ಅವಳು ಇಲ್ಲೇ ಮೇಲೆ, ಬಿಸಿಲಿನಲ್ಲಿ, ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತಿದ್ದಾಳೆ ಅನ್ನುವುದನ್ನು ಖಾತ್ರಿ ಮಾಡಿಕೊಂಡೆ.

ಎತ್ತಿದ ಕೈಯಿಂದ ಸೆರಗು ಸರಿಮಾಡಿಕೊಂಡು ಅವಳ ಪಕ್ಕದಲ್ಲಿ ಹೋಗಿ ಕೂತೆ.